ಒಳಜಗಳ ಬಿಡಿಸುವ ತರಬೇತಿ

ಮೇ ತಿಂಗಳ ಎರಡನೆಯ ಮಂಗಳವಾರ ಮಧ್ಯಾಹ್ನ ಎರಡು ಗಂಟೆಗೆ ಮಾರ್ಲೆನ್ ತನ್ನ ಹೊಲಿಗೆ ಕಾರ್ಖಾನೆಯ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿ, ಕೀಲಿಕೈ ಜೇಬಿಗಿಳಿಸಿ, ತಂಗಿಯ ಮಗನಿಗೆ ಹೆಣ್ಣು ಗೊತ್ತುಮಾಡಲು ಹೋದ. ಒಳಗೆ ಹನ್ನೊಂದು ಹೆಂಗಸರಿದ್ದರು. ಕಾರ್ಖಾನೆ ಇದ್ದದ್ದು ನೆಲಮಾಳಿಗೆಯಲ್ಲಿ, ಕಕ್ಕಸು ಇದ್ದದ್ದು ಮೇಲೆ ಅಂಗಳದ ಮೂಲೆಯಲ್ಲಿ. ಹೆಂಗಸರು ಅಂಗಿಯ ಗುಂಡಿ ತುಂಬಿದ್ದ ಬಕೆಟ್ಟನ್ನು ನೆಲಕ್ಕೆ ಸುರಿದು ಖಾಲಿ ಮಾಡಿಕೊಂಡು, ಮೂಲೆಗಿಟ್ಟು, ಒಳಪದರಕ್ಕೆ ಹಾಕುವ ಅಸ್ತರಿ ಬಟ್ಟೆಯ ಥಾನು ಬಿಚ್ಚಿ ಮರೆ ಕಟ್ಟಿದರು. ಸಂಜೆ ಏಳಕ್ಕೆ ಮಾರ್ಲೆನ್ ಬಂದು ಬೀಗ ತೆಗೆದ. ಗುಂಡಿಗಳನ್ನು ನೆಲಕ್ಕೆ ಚೆಲ್ಲಿದವರು ಯಾರು ಅಂತ ಕೇಳಿದ.

ಮೂರು ದಿನದ ಮೇಲೆ ಕಾರ್ಮಿಕರ ದೂರು ನೋಡುವ ಕಚೇರಿಯ ಪೆಟ್ಟಿಗೆಗೆ ಒಂದು ಕಾಗದ ಬಿತ್ತು. ಬರೆದವಳು ಸಲ್ಕಿನ್. ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಯಂತ್ರದವಳು, ಮೂವತ್ತಾರು ವರ್ಷ, ಬಡಕಲು ಹೆಂಗಸು. ಕಾಲರು ಕತ್ತರಿಸಲು ಇಟ್ಟಿದ್ದ ಕಂದು ಮಾದರಿ ಕಾಗದದ ಬೆನ್ನಿಗೆ ಅವಳು ಬರೆದದ್ದು ಇಷ್ಟೇ: ‘ಬಾಗಿಲು ಒಂದೇ. ಕಿಟಕಿಗೆ ಕಂಬಿ. ಬೆಂಕಿ ಬಿದ್ದರೆ ಹನ್ನೊಂದು ಜನ. ಬಕೆಟ್ಟಿನ ವಿಷಯ ಬರೆಯಲು ನಾಚಿಕೆ, ಆದರೂ ಬರೆದಿದ್ದೇನೆ.’ ಹೆಸರು ಹಾಕಲಿಲ್ಲ. ಗಂಡನಿಗೂ ಹೇಳಲಿಲ್ಲ. ಬಿಷ್‌ಕೆಕ್ ನಗರದ ಹೊರವಲಯದ ಆ ಒಂದೇ ಬೀದಿಯಲ್ಲಿ ಇಂಥ ನೆಲಮಾಳಿಗೆಗಳು ಮೂವತ್ತು. ಮೂವತ್ತು ಯಜಮಾನರೂ ಶನಿವಾರ ಒಂದೇ ಹಬೆಮನೆಯಲ್ಲಿ ಬೆವರು ಸುರಿಸುತ್ತ ಚಹಾ ಕುಡಿಯುವವರು. ಒಂದು ಕಡೆ ಹೊರಹಾಕಿಸಿಕೊಂಡವಳಿಗೆ ಇನ್ನು ಇಪ್ಪತ್ತೊಂಬತ್ತು ಕಡೆಯೂ ಯಂತ್ರ ಸಿಗುತ್ತಿರಲಿಲ್ಲ.

ಒಂದು ವಾರದೊಳಗೆ ಆ ಕಾಗದದ ಫೋಟೋ ಮಾರ್ಲೆನ್‌ನ ಫೋನಿಗೆ ಬಂದು ಕೂತಿತ್ತು. ಕಚೇರಿಯಲ್ಲಿ ಅವನಿಗೆ ಯಾರೋ ಬೇಕಾದವರಿದ್ದರು. ಮಾರ್ಲೆನ್‌ನ ತಾತ ಕಟ್ಟಾ ಕಾಮ್ರೇಡು, ಮಾರ್ಕ್ಸ್ ಮತ್ತು ಲೆನಿನ್ ಇಬ್ಬರನ್ನೂ ಕತ್ತರಿಸಿ, ಒಂದೇ ಹೊಲಿಗೆ ಹಾಕಿ ಮೊಮ್ಮಗನಿಗೆ ಹೆಸರು ಮಾಡಿದ್ದ. ಮೊಮ್ಮಗ ಆ ಹೆಸರನ್ನೇ ಇಂಗ್ಲಿಷಿನಲ್ಲಿ ಬರೆಸಿ ಅಂಗಿಗಳ ಕತ್ತಿನ ಪಟ್ಟಿಗೆ ಹೊಲಿಸುತ್ತಿದ್ದ.

ಕಂದು ಕಾಗದ ತನ್ನ ಕಾರ್ಖಾನೆಯದೇ ಅಂತ ಅವನಿಗೆ ನೋಡಿದ ಕೂಡಲೇ ಗೊತ್ತಾಯಿತು. ಯಾರದು ಅಂತ ಗೊತ್ತಾಗಲಿಲ್ಲ. ಮಾರನೆಯ ದಿನ ಮೆಟ್ಟಿಲ ಮೇಲೆ ನಿಂತು ಸಾರಿದ:

“ನಿಮ್ಮ ಗುಂಪಿನಲ್ಲಿ ಒಳಜಗಳ ಜಾಸ್ತಿಯಾಗಿದೆ. ಅದಕ್ಕೇ ಇಂಥ ಹಲ್ಕಾ ಕೆಲಸ ಎಲ್ಲ ನಡೀತಿವೆ. ಒಳಜಗಳ ಬಿಡಿಸೋಕೆ ಗುರುವಾರ ತಜ್ಞರು ಬರ್ತಾರೆ.”

ಒಳಜಗಳ ಇದ್ದದ್ದು ನಿಜ. ಅದಕ್ಕೆ ಕಾರಣ ಒಂದು ಕುರಿಯ ಕುಂಡೆ.

ಮಾರ್ಚ್ ತಿಂಗಳ ಹೊಸವರ್ಷದ ನೂರೂಜ್ ಹಬ್ಬಕ್ಕೆ ಮಾರ್ಲೆನ್ ಒಂದು ಕುರಿ ಕಡಿಸಿದ್ದ. ಕುರಿ ಕಡಿದ ಮೇಲೆ ಯಾವ ತುಂಡು ಯಾರ ತಟ್ಟೆಗೆ ಅನ್ನುವುದು ಹುಡುಗಾಟವಲ್ಲ. ಹೆಂಗಸರ ಪಂಕ್ತಿಯಲ್ಲಿ ಹಿರಿಯಳಿಗೆ ಬಾಲದ ಬುಡದ ಕೊಬ್ಬಿನ ತುಂಡು ಬೀಳಬೇಕು. ಕಾರ್ಖಾನೆಯಲ್ಲಿ ಹಿರಿಯಳು ಬಾತ್ಮಾ. ಐವತ್ತೆಂಟು ವರ್ಷ, ಕಾಜಾ ಹಾಕುವವಳು, ಕೂತರೆ ಸ್ಟೂಲು ಕಾಣದಷ್ಟು ಮೈ. ಅವಳಿಗಿಂತ ಮೂರು ವರ್ಷ ಚಿಕ್ಕವಳು ಜೂರಾ. ಇಸ್ತ್ರಿ ಮಾಡುವವಳು, ಮಾರ್ಲೆನ್‌ನ ತಾಯಿಯ ಕಡೆಯಿಂದ ದೂರದ ನೆಂಟಳು. ಮಾರ್ಲೆನ್ ಆ ತುಂಡನ್ನು ಎಲ್ಲರ ಮುಂದೆ ಜೂರಾಳ ತಟ್ಟೆಗೆ ಹಾಕಿದ. ಬಾತ್ಮಾ ತನ್ನ ಪಾಲಿನ ಪಕ್ಕೆಲುಬನ್ನು ಹಳೇ ಪೇಪರಿನಲ್ಲಿ ಸುತ್ತಿಕೊಂಡು ಎದ್ದು ಹೋದಳು. ಅವಳ ಹಿಂದೆ ನಾಲ್ವರು ಎದ್ದರು.

ಅಂದಿನಿಂದ ನೆಲಮಾಳಿಗೆ ಎರಡು ಭಾಗವಾಯಿತು. ಎಡಕ್ಕೆ ಬಾತ್ಮಾಳ ಐವರು, ಬಲಕ್ಕೆ ಜೂರಾಳ ಐವರು. ನಡುವೆ, ಯಂತ್ರದ ಪ್ಲಗ್ಗು ಅಲ್ಲೇ ಇದ್ದ ಒಂದೇ ಕಾರಣಕ್ಕೆ, ಸಲ್ಕಿನ್.

“ಸಲ್ಕಿನ್, ಆ ಮಹಾರಾಣೀಗೆ ಹೇಳಮ್ಮಿ, ಇಸ್ತ್ರಿ ಇಡೋಕ್ ಮುಂಚೆ ಕಣ್ಣು ಬಿಡು ಅಂತ. ಕಾಲರ್ ಕರಟೋಗೈತೆ.”

ಬಾತ್ಮಾ ಹೇಳುವ ಆ ಮಹಾರಾಣಿ ಮೂರು ಮೊಳ ಆಚೆಗೇ ನಿಂತಿರುತ್ತಿದ್ದಳು. ಆದರೂ ಸಲ್ಕಿನ್ ತಿರುಗಿ ಹೇಳುವ ತನಕ ಅವಳ ಕಿವಿಗೆ ಬೀಳುತ್ತಿರಲಿಲ್ಲ.

“ಜೂರಕ್ಕ, ಕಾಲರು ಒಂಚೂರು ಬೆಚ್ಚಗಾಗೈತಂತೆ.”

“ಹೇಳು ಅವ್ಳಿಗೆ. ಕಾಜಾ ಹಾಕೋಳು ಕಾಜಾ ಹಾಕ್ಲಿ. ಕಾಲರ್ ನೋಡೋಕೆ ಅವ್ಳೇನು ಮಂತ್ರೀನಾ?”

“ಬಾತ್ಮಕ್ಕ, ಜೂರಕ್ಕ ನೋಡ್ತಾರಂತೆ.”

ಚಹಾಕ್ಕೂ ಎರಡು ಕೆಟಲಾದವು. ಒಂದು ಕಡೆ ಕುಡಿದು ಇನ್ನೊಂದು ಕಡೆ ಬಿಟ್ಟರೆ ಇನ್ನೊಂದು ಕಡೆಗೆ ಕೋಪ. ಸಲ್ಕಿನ್ ಎರಡೂ ಕಡೆ ಕುಡಿಯುತ್ತಿದ್ದಳು. ಬೀಗ ಹಾಕಿದ ಆ ಮಂಗಳವಾರ ಮರೆಯ ಹಿಂದಕ್ಕೆ ಎಲ್ಲರಿಗಿಂತ ಹೆಚ್ಚು ಸಲ ಹೋದವಳು ಅವಳೇ. ಕಾಗದ ಬರೆದದ್ದಕ್ಕೆ ಅದೂ ಒಂದು ಕಾರಣ.

*

ಗುರುವಾರ ಹನ್ನೊಂದಕ್ಕೆ ಎಲ್ವಿರಾ ಮೇಡಂ ಬಂದರು. ಸಣ್ಣ ವಯಸ್ಸು, ಬಿಳಿ ಪ್ಯಾಂಟು, ಕಂಕುಳಲ್ಲಿ ಸುರುಳಿ ಸುತ್ತಿದ ದೊಡ್ಡ ಹಾಳೆ, ಕೈಯಲ್ಲಿ ಐದು ಬಣ್ಣದ ದಪ್ಪ ಪೆನ್ನು. ನೆಲಮಾಳಿಗೆಗೆ ಇಳಿದು ಒಂದು ಸಲ ಉಸಿರೆಳೆದವರೇ “ಹೊರಗೆ ಮಾಡೋಣ” ಅಂದರು.

ಅಂಗಳಕ್ಕೆ ಕಂಬಳಿ ಹಾಸುವಷ್ಟರಲ್ಲಿ ಸಲ್ಕಿನ್ ಕಕ್ಕಸಿಗೆ ಹೋದಳು. ಬೆಳಗ್ಗೆಯಿಂದ ಎರಡೂ ಕೆಟಲಿನ ಚಹಾ ಕುಡಿದಾಗಿತ್ತು. ಹಲಗೆ ಬಾಗಿಲ ಆಚೆಗೇ ಮಾರ್ಲೆನ್‌ನ ದನಿ ಕೇಳಿತು.

“ಕೊನೇಲಿ ಎಲ್ಲರ ಹತ್ರ ಚೀಟಿ ಬರೆಸಿ ಮೇಡಂ. ಅವರವರ ಕೈಯಲ್ಲೇ. ಬರೆಸಿ ನನಗೆ ಕೊಡಿ.”

“ಸರ್, ಚೀಟಿಗಳು ಗೋಪ್ಯವಾಗಿರಬೇಕು. ಅದು ನಮ್ಮ ವೃತ್ತಿಯ ನಿಯಮ.”

“ಹೌದೌದು. ಗೋಪ್ಯವಾಗೇ ಕೊಡಿ. ನನ್ನ ಹತ್ರ ಒಂದು ಕಾಗದ ಇದೆ, ಅಕ್ಷರ ಹೋಲಿಸಿ ನೋಡಬೇಕು ಅಷ್ಟೆ.”

ಸಲ್ಕಿನ್ ಹಲಗೆಯ ಸಂದಿಯಲ್ಲಿ ಬಿಳಿ ಪ್ಯಾಂಟನ್ನೇ ನೋಡಿದಳು. ಬಿಳಿ ಪ್ಯಾಂಟು ಆಗಲ್ಲ ಅನ್ನದೆ ಕಂಬಳಿಯ ಕಡೆ ಹೊರಟುಹೋಯಿತು. ಸಲ್ಕಿನ್ ಎದ್ದವಳು ಮತ್ತೆ ಕೂತಳು.

ಅವಳು ವಾಪಸು ಬಂದಾಗ ತರಬೇತಿ ಆಗಲೇ ಕೆಟ್ಟಿತ್ತು.

“ವೃತ್ತದಲ್ಲಿ ಕುಳಿತುಕೊಳ್ಳಿ” ಅಂದಿದ್ದರು ಮೇಡಂ. “ವೃತ್ತಕ್ಕೆ ಮೊದಲಿಲ್ಲ, ಕೊನೆಯಿಲ್ಲ. ಎಲ್ಲರೂ ಸಮಾನರು.”

“ಅದೆಲ್ಲ ಸರಿ ಕಣಮ್ಮ,” ಅಂದಳು ಬಾತ್ಮಾ ನಿಂತುಕೊಂಡೇ. “ದೊಡ್ಡೋರ ಜಾಗ ಯಾವ್ದು?”

“ವೃತ್ತದಲ್ಲಿ ದೊಡ್ಡವರ ಜಾಗ ಇಲ್ಲ.”

“ಹಂಗಾದ್ರೆ ನಾನೆಲ್ಲಿ ಕೂರ್ಲಿ? ಮರದ ಮ್ಯಾಲಾ?”

ಬಾಗಿಲಿಗೆ ಎದುರಾಗಿರುವ ಜಾಗ ಹಿರಿಯರದು. ಆದರೆ ಅಂಗಳದಲ್ಲಿ ಬಾಗಿಲು ಯಾವುದು? ಬೀದಿಯ ಗೇಟು ಅಂದಳು ಬಾತ್ಮಾ. ನೆಲಮಾಳಿಗೆಯ ಬಾಗಿಲು ಅಂದಳು ಜೂರಾ, ಬಾತ್ಮಾಳಿಗಲ್ಲ, ಪಾಪ್ಲರ್ ಮರಕ್ಕೆ. ಗೇಟಿಗೆ ಎದುರಾಗಿ ಐವರು ಕೂತರು. ನೆಲಮಾಳಿಗೆಗೆ ಎದುರಾಗಿ ಐವರು ಕೂತರು. ಮೇಡಮ್ಮರ ವೃತ್ತ ಎರಡು ಸಾಲಾಗಿ, ಒಂದಕ್ಕೊಂದು ಬೆನ್ನು ಕೊಟ್ಟುಕೊಂಡು ತಯಾರಾಯಿತು. ಸಲ್ಕಿನ್ ಬಂದು ನಡುವೆ ಕೂತಳು.

“ನೋಡಿ,” ಅಂದರು ಮೇಡಂ, ಹಾಳೆ ಬಿಡಿಸಿ ಮರಕ್ಕೆ ಅಂಟಿಸುತ್ತ. “ಎಷ್ಟೋ ಗುಂಪುಗಳಲ್ಲಿ ಕಣ್ಣಿಗೆ ಕಾಣದ ಬಣಗಳು ಇರುತ್ತವೆ. ಅವನ್ನು ಬೆಳಕಿಗೆ ತರುವುದೇ ನಮ್ಮ ಮೊದಲ ಹೆಜ್ಜೆ.”

“ಕಾಣದ್ದೇನೈತವ್ವ?” ಅಂದಳು ಬಾತ್ಮಾಳ ಕಡೆಯ ಕೆರೆಜ್. ತೋಳು ಜೋಡಿಸುವವಳು, ಬಾಯಿ ಯಾವತ್ತೂ ಹೊಲಿಗೆ ಬಿಚ್ಚಿದ ಜೇಬು. “ಅವ್ರು ಆ ಕಡೆ, ನಾವು ಈ ಕಡೆ. ಕುರುಡ್ರಿಗೂ ಕಾಣುತ್ತೆ.”

“ಮೊದಲು ಎಲ್ಲರೂ ಕಣ್ಣು ಮುಚ್ಚಿ ಆಳವಾಗಿ ಉಸಿರು ಎಳೆದುಕೊಳ್ಳಿ.”

ಮೇ ಕೊನೆ. ಪಾಪ್ಲರ್ ಮರಗಳು ಹತ್ತಿ ಉದುರಿಸುವ ಕಾಲ. ಹನ್ನೊಂದು ಜನ ಒಟ್ಟಿಗೆ ಉಸಿರೆಳೆದರು, ಹನ್ನೊಂದು ಜನ ಒಟ್ಟಿಗೆ ಸೀನಿದರು. ಆ ಬಕೆಟ್ಟಿನ ಮರೆ ಬಿಟ್ಟರೆ, ಎರಡು ತಿಂಗಳಲ್ಲಿ ಎರಡೂ ಕಡೆಯವರು ಸೇರಿ ಮಾಡಿದ ಮೊದಲ ಕೆಲಸ ಅದು. ಮಾರ್ಲೆನ್ ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಸೂರ್ಯಕಾಂತಿ ಬೀಜ ಬಿಡಿಸುತ್ತಿದ್ದ. ಅವನ ಫೋನು ಹೊಡೆದುಕೊಂಡಿತು. ಅಂಗಿ ಕೊಳ್ಳುವ ಮಾಸ್ಕೋದ ಸೇಟು. ಶುಕ್ರವಾರ ಹೊರಡುವ ಲಾರಿಗೆ ಎರಡು ಸಾವಿರ ಅಂಗಿ ತುಂಬಬೇಕಿತ್ತು. ಅವನು “ಆಗುತ್ತೆ, ಆಗುತ್ತೆ, ನಾಳೆ ಆಗೇ ಆಗುತ್ತೆ” ಅನ್ನುತ್ತ ಗೇಟಿನಾಚೆ ಹೋದ.

“ಈಗ ಒಬ್ಬೊಬ್ಬರೂ ತಮ್ಮ ಮನಸ್ಸಿಗೆ ನೋವಾದ ಒಂದು ಘಟನೆ ಹೇಳಿ. ಯಾರನ್ನೂ ದೂಷಿಸಬೇಡಿ. ‘ನನಗೆ ಹೀಗನ್ನಿಸಿತು’ ಅಂತ ಶುರುಮಾಡಿ.”

ಬಾತ್ಮಾ ಗಂಟಲು ಸರಿಮಾಡಿಕೊಂಡಳು.

“ನನಗೆ ಹಿಂಗನ್ನಿಸ್ತು. ಕೆಲವ್ರಿಗೆ ಅಕ್ಕನ ವಯಸ್ಸಿನೋರ ಬಾಯಿಂದ ಕುಂಡೆ ಕಿತ್ಕೊಂಡು ತಿನ್ನೋಕೆ ನಾಚ್ಕೆ ಇಲ್ಲ.”

ಮೇಡಮ್ಮರ ಪೆನ್ನು ಹಾಳೆಯ ಮೇಲೆ ನಿಂತಿತು. “ಏನು ಕಿತ್ಕೊಂಡು?”

“ಕುರೀದು ಕಣಮ್ಮ,” ಅಂದಳು ಕೆರೆಜ್. “ಬಾತ್ಮಕ್ಕನಿಗೆ ಬರ್ಬೇಕಿದ್ದು ಜೂರಕ್ಕ ತಿಂದ್ಬಿಟ್ಳು.”

“ನಾನೇನು ಕೇಳಿದ್ನಾ?” ಜೂರಾ ಎದ್ದೇ ನಿಂತಳು. ಮರವನ್ನೂ ಮರೆತು, ಸಲ್ಕಿನ್‌ಳನ್ನೂ ಮರೆತು, ನೇರ ಬಾತ್ಮಾಳ ಬೆನ್ನಿಗೇ ಕೂಗಿದಳು. “ನೀನೇ ಬ್ಯಾಡ ಅಂದ್ಯಂತಲ್ಲೇ! ಬಾಯಲ್ಲಿ ಹಲ್ಲಿಲ್ಲ, ಜೂರಾಗೇ ಹಾಕು ಅಂದ್ಯಂತೆ! ಮಾರ್ಲೆನ್ ನನ್ ಕಿವೀಲಿ ಹೇಳಿಯೇ ಹಾಕಿದ್ದು!”

ಬಾತ್ಮಾ ತಿರುಗಿದಳು. ಅಷ್ಟು ಮೈ ಅಷ್ಟು ಬೇಗ ತಿರುಗಬಲ್ಲದೆಂದು ಯಾರಿಗೂ ಗೊತ್ತಿರಲಿಲ್ಲ.

“ಯಾರಿಗಮ್ಮಿ ಹಲ್ಲಿಲ್ಲ?”

ಬಾಯಿ ತೆರೆದಳು. ಎರಡು ಬೆರಳು ಹಾಕಿ ಕೆನ್ನೆ ಅಗಲ ಮಾಡಿ ತೋರಿಸಿದಳು. ಮೇಲೆ ಆರು ಚಿನ್ನದ ಹಲ್ಲು, ಕೆಳಗೆ ನಾಲ್ಕು, ಮಿಕ್ಕವು ದೇವರು ಕೊಟ್ಟವು. ಬಿಸಿಲು ಬಿದ್ದು ಅಂಗಳವೆಲ್ಲ ಝಗ್ಗಂದಿತು.

“ಎಣಿಸ್ಕೊ! ಈ ಹಲ್ಲಲ್ಲಿ ಕುರೀನಲ್ಲ, ಆ ಮಾರ್ಲೆನ್‌ನೂ ಅಗೀತೀನಿ ಬಡ್ಡೀಮಗನ್ನ!” ಬೆರಳು ತೆಗೆದು ಲಂಗಕ್ಕೆ ಒರಸಿಕೊಂಡಳು. ದನಿ ತಗ್ಗಿತು. “ನಂಗೆ ಬೇರೆ ಕಥೆ ಹೇಳ್ದ. ನೀನೇ ಕೇಳಿದ್ಯಂತೆ. ನಿನ್ ವಯಸ್ಸು ಶಾಲೆ ದಾಖಲೇಲಿ ತಪ್ಪು ಬಿದ್ದೈತಂತೆ, ನಿಜವಾಗ್ಲೂ ನೀನೇ ದೊಡ್ಡೋಳಂತೆ.”

“ನಾನು? ನಿನಗಿಂತ ಮುದುಕಿ ಅಂತ ನಾನೇ ಹೇಳ್ಕೊಂಡು ತಿರುಗ್ತೀನಾ? ನಂಗೇನು ಹುಚ್ಚು ಹಿಡಿದೈತಾ?”

ಇದು ಎಲ್ಲರಿಗೂ ಒಪ್ಪಿಗೆಯಾಯಿತು. ಹಾಗೆ ಹೇಳಿಕೊಳ್ಳುವ ಹೆಂಗಸು ಏಳು ಪರ್ವತದ ಆಚೆಗೂ ಇರಲಾರಳು.

ಬಾತ್ಮಾ ಬೆರಳು ಮಡಿಸಿ ಲೆಕ್ಕ ಹಾಕಿದಳು.

“ನಿನ್ ಮ್ಯಾಲಿನ ಹೊಟ್ಟೆಕಿಚ್ಚಿಗೆ ಎರಡು ತಿಂಗ್ಳು ದಿನಕ್ಕೆ ಇಪ್ಪತ್ತು ಅಂಗಿ ಜಾಸ್ತಿ ಹಾಕಿದ್ನಲ್ಲೇ ಜೂರಾ.”

“ನಾನು ಮೂವತ್ತು,” ಅಂದಳು ಜೂರಾ. “ಬೆರಳು ಬೆಂದು ಬೊಬ್ಬೆ ಎದ್ರೂ ಬಿಡ್ಲಿಲ್ಲ. ‘ಬಾತ್ಮಾ ಕಡೆಯೋರು ಆಗ್ಲೇ ಮುಗಿಸಿದ್ರು’ ಅಂತ ಬಂದು ಬಂದು ಹೇಳೋನು, ಬೇವರ್ಸಿ.”

“ನಮ್ಗೂ ಹಂಗೇ ಹೇಳೋನು!”

“ಹುಲಿ ಮಾತಾಡ್ದಂಗೆ ಮಾತಾಡ್ತಾನೆ, ನರಿ ಬುದ್ಧಿ ನನ್ಮಗ.”

ಮೇಡಂ ಹಾಳೆಯ ಮೇಲೆ ಎರಡು ದೊಡ್ಡ ಸುತ್ತು ಬರೆದು, ನಡುವೆ ಹಸಿರು ಬಾಣ ಎಳೆದು, ಕಣ್ಣಲ್ಲಿ ನೀರು ತುಂಬಿಕೊಂಡು ಚಪ್ಪಾಳೆ ತಟ್ಟಿದರು. “ಎಂಥ ಮುನ್ನಡೆ! ಗುಂಪಿನಲ್ಲಿ ನಂಬಿಕೆ ಮರಳಿದೆ!” ಇಷ್ಟು ಬೇಗ ಯಾವ ಗುಂಪೂ ಗುಣವಾದದ್ದನ್ನು ಅವರು ಕಂಡಿರಲಿಲ್ಲವಂತೆ.

ಮಾರ್ಲೆನ್ ಫೋನು ಜೇಬಿಗಿಟ್ಟುಕೊಂಡು ಒಳಗೆ ಬಂದಾಗ ಹನ್ನೊಂದೂ ಹೆಂಗಸರು ಒಂದೇ ಸುತ್ತಾಗಿ ಕೂತು ಅವನನ್ನೇ ನೋಡುತ್ತಿದ್ದರು. ಬಾತ್ಮಾ ಹಲ್ಲು ಬಿಟ್ಟಳು. ಅವನು ಅದನ್ನು ನಗು ಅಂದುಕೊಂಡ.

“ಏನ್ರೇ, ಆಯ್ತಾ ರಾಜಿ? ಭೇಷ್. ಮೇಡಂ, ಇನ್ನು ಆ ಚೀಟಿ.”

*

ಮೇಡಂ ಹನ್ನೊಂದು ಹಳದಿ ಚೀಟಿ, ಹನ್ನೊಂದು ಪೆನ್ಸಿಲು ಹಂಚಿದರು. ಸಲ್ಕಿನ್‌ಳ ಕಡೆ ಬಂದಾಗ ಅವರ ಕಣ್ಣು ಎಲ್ಲೋ ಇತ್ತು.

“ಗುಂಪಿನ ಕೆಲಸಕ್ಕೆ ಅಡ್ಡಿಯಾಗಿರುವ ಒಬ್ಬರ ಹೆಸರು ಬರೆಯಿರಿ. ನಿಮ್ಮ ಹೆಸರು ಬೇಡ. ಸಂಪೂರ್ಣ... ಗೋಪ್ಯ.”

ಸಲ್ಕಿನ್ ಪೆನ್ಸಿಲನ್ನು ಕಂಬಳಿಯ ಮೇಲಿಟ್ಟಳು. ಅವಳ ‘ಕ’ ಒಂದು ಸಾಕು. ಅದಕ್ಕೆ ಬಾಲ ಎಳೆದು ಬರೆಯುವ ಅಭ್ಯಾಸ ಅವಳಿಗೆ ಶಾಲೆಯಿಂದ ಬಂದದ್ದು, ಮೇಷ್ಟ್ರ ಬೆತ್ತಕ್ಕೂ ಹೋಗಿರಲಿಲ್ಲ. ಆ ಕಂದು ಕಾಗದದಲ್ಲಿ ಕಿಟಕಿ ಇತ್ತು, ಕಂಬಿ ಇತ್ತು, ಬಕೆಟ್ಟೂ ಇತ್ತು. ಮಾರ್ಲೆನ್ ಆಗಲೇ ಫೋನು ತೆಗೆದು ಫೋಟೋ ದೊಡ್ಡದು ಮಾಡಿ ಇಟ್ಟುಕೊಂಡಿದ್ದ.

“ಮೇಡಂ,” ಅಂದಳು, ಕೈ ಮಡಿಲಿಗೆಳೆದುಕೊಂಡು. “ನನ್ ಕೈ ಉಳುಕೈತೆ. ನೀವೇ ಬರ್ಕೊಳಿ, ನಾನು ಹೇಳ್ತೀನಿ.”

“ಬೆಳಗ್ಗೆ ಓವರ್‌ಲಾಕ್ ಓಡಿಸ್ತಿದ್ಯಲ್ಲ?” ಅಂದ ಮಾರ್ಲೆನ್.

“ಆಗ ಉಳುಕಿರ್ಲಿಲ್ಲ.”

ಪಕ್ಕದಲ್ಲಿ ಬಾತ್ಮಾ ಬಾಗಿ ಸಲ್ಕಿನ್‌ಳ ಕೈ ಹಿಡಿದು, ಉಳುಕು ನೋಡುವವಳ ಹಾಗೆ ಅಂಗೈ ಅಮುಕಿದಳು. ಕಿವಿಯ ಹತ್ತಿರ ಬಾಯಿ ತಂದಳು.

“ಕಾಲರಿನ ಮಾದರಿ ಎಲ್ಲೋಯ್ತು ಅಂತ ನಂಗೊತ್ತಿಲ್ಲ ಅಂದ್ಕೊಂಡ್ಯೇನೇ, ಮೂದೇವಿ? ಮೂರು ದಿನ ಅಂದಾಜಲ್ಲಿ ಕತ್ತರ್ಸಿದ ಕಾಲರಿಗೆ ಕಾಜಾ ಹಾಕಿವ್ನಿ.” ಆಮೇಲೆ ಎಲ್ಲರಿಗೂ ಕೇಳುವಂತೆ ಅಂದಳು: “ಪಾಪ, ಊದ್ಕೊಂಡೈತೆ ಮೇಡಮ್ಮ. ನಂದೂ ನೀವೇ ಬರ್ಕೊಳಿ. ನಾನು ಕನ್ನಡಕ ತಂದಿಲ್ಲ.”

“ಕನ್ನಡಕ ಇಲ್ಲದೆ ಕಾಜಾ ಹೆಂಗೆ ಹಾಕ್ತಿದ್ದೀಯ?” ಅಂದ ಮಾರ್ಲೆನ್.

“ಅಂದಾಜಲ್ಲಿ ಕಣಪ್ಪ. ಮಾಸ್ಕೋದೋರು ದಪ್ಪ ಇರ್ತಾರೆ, ಗುಂಡಿ ಹಾಕ್ಕೊಳಲ್ಲ.”

“ನನ್ ಕನ್ನಡಕಾನೂ ಮನೇಲಿ,” ಅಂದಳು ಜೂರಾ. ಜೂರಾಳ ಕನ್ನಡಕ ಅವಳ ನೆತ್ತಿಯ ಮೇಲೇ ಇತ್ತು. ಮಾರ್ಲೆನ್ ಅದನ್ನೇ ನೋಡಿದ. ಜೂರಾ ಕೈಯೆತ್ತಿ ಅದನ್ನು ತೆಗೆದು ಜೇಬಿಗೆ ಹಾಕಿಕೊಂಡಳು. “ಇದು ದೂರದ್ದು.”

ಆಮೇಲೆ ಕಾಯಿಲೆಗಳು ಒಂದರ ಹಿಂದೊಂದು ಬಂದವು. ಒಬ್ಬಳ ಬೆರಳಿಗೆ ಸೂಜಿ ಚುಚ್ಚಿತ್ತು. ಒಬ್ಬಳಿಗೆ ಪೆನ್ಸಿಲಿನ ವಾಸನೆ ಆಗುತ್ತಿರಲಿಲ್ಲ. ಕೆರೆಜ್ ತನಗೆ ಬರೆಯಲು ಬರುವುದು ಬರೀ ರಷ್ಯನ್ ಅಂದಳು. ರಷ್ಯನ್ನಲ್ಲೇ ಬರಿ ಅಂದ ಮಾರ್ಲೆನ್. ಅದೂ ಮರೆತುಹೋಗೈತೆ ಅಂದಳು.

“ಅವರವರ ಕೈಯಲ್ಲೇ ಬರೀಬೇಕು!” ಮಾರ್ಲೆನ್ ಕುರ್ಚಿಯ ಕೈ ಗುದ್ದಿದ.

“ಯಾಕಪ್ಪ?” ಅಂದಳು ಬಾತ್ಮಾ. “ಯಾರ್ ಬರೆದ್ರೂ ಹೆಸರು ಅದೇ ಅಲ್ವಾ? ಅಕ್ಷರ ಏನ್ ಮಾಡ್ತೀಯ, ಉಪ್ಪಿನಕಾಯಿ ಹಾಕ್ತೀಯ?”

ಮಾರ್ಲೆನ್ ಇನ್ನೊಂದು ಹಿಡಿ ಬೀಜ ಬಾಯಿಗೆ ಹಾಕಿಕೊಂಡ. ಮೇಡಮ್ಮರ ಮುಖದಲ್ಲಿ ಬೆಳಗ್ಗೆಯಿಂದ ಇಲ್ಲದ ಒಂದು ನೆಮ್ಮದಿ ಬಂತು. ಒಬ್ಬೊಬ್ಬರ ಹತ್ತಿರವೂ ಬಗ್ಗಿ, ಪಿಸುಮಾತು ಕೇಳಿ, ದುಂಡು ಅಕ್ಷರದಲ್ಲಿ ಹನ್ನೊಂದನ್ನೂ ತಾವೇ ಬರೆದರು. ಮಾರ್ಲೆನ್ ಎದ್ದು ಬಂದು ಚೀಟಿ ಕಿತ್ತುಕೊಂಡು, ಒಂದೊಂದನ್ನೂ ಫೋನಿನ ಪಕ್ಕ ಹಿಡಿದ. ಹನ್ನೊಂದೂ ಒಂದೇ ಕೈಬರಹ. ಕುತ್ತಿಗೆ ಕೆಂಪಾಯಿತು.

“ಓದಿ ಇದನ್ನ! ಯಾರ ಹೆಸರಿದೆ ನೋಡೇ ಬಿಡೋಣ.”

ಮೇಡಂ ಓದಿದರು.

“‘ನನ್ನ ಗಂಡ.’”

“ಅದು ನಂದು,” ಅಂದಳು ಕೆರೆಜ್.

“ಹೇಳಬಾರದು, ಗೋಪ್ಯ. ‘ಎದುರು ಮನೆಯ ಹುಂಜ. ಹೊತ್ತಿಲ್ಲದ ಹೊತ್ತಲ್ಲಿ ಕೂಗುತ್ತದೆ.’ ‘ಪಾಪ್ಲರ್ ಹತ್ತಿ.’ ‘ನನ್ನ ಹಲ್ಲಿನ ಬಗ್ಗೆ ಸುಳ್ಳು ಹೇಳಿದವನು, ಹೆಸರು ಹೇಳಲ್ಲ, ಇಲ್ಲೇ ಬೀಜ ತಿನ್ನುತ್ತಿದ್ದಾನೆ.’”

ಮಾರ್ಲೆನ್ ಬಾಯಲ್ಲಿದ್ದ ಸಿಪ್ಪೆ ಉಗುಳಿದ.

“‘ಬೀಗ.’”

ಸಲ್ಕಿನ್ ತಲೆ ತಗ್ಗಿಸಿದಳು. ಅವಳದು ಅದು.

ಮೇಡಂ ಮುಂದಿನ ಚೀಟಿ ತೆಗೆದರು. “‘ಬೀಗ.’” ಮತ್ತೊಂದು. “‘ಬೀಗ.’” ಸಲ್ಕಿನ್ ತಲೆಯೆತ್ತಿದಳು. ಎದುರಿಗೆ ಜೂರಾಳ ಕಡೆಯವರು ತಮ್ಮ ತಮ್ಮ ಉಗುರು ನೋಡಿಕೊಳ್ಳುತ್ತಿದ್ದರು. “‘ಬೀಗ.’ ‘ಬೀಗ.’ ‘ಬೀಗ, ಮತ್ತು ಅದರ ಕೀಲಿಕೈ.’ ‘ಬೀಗ.’”

ಮೇಡಂ ಚೀಟಿಗಳನ್ನು ಮಡಿಲಲ್ಲಿಟ್ಟುಕೊಂಡು, ತಲೆ ಓರೆ ಮಾಡಿ, ಮೆತ್ತಗೆ ಕೇಳಿದರು: “ಬೀಗ ಅಂದರೆ... ಮನಸ್ಸಿಗೆ ಹಾಕಿಕೊಂಡ ಬೀಗ ಅಂತಲಾ?”

“ಮನಸ್ಸಿಂದಲ್ಲ ಕಣಮ್ಮ,” ಅಂದಳು ಬಾತ್ಮಾ. “ಹಿತ್ತಾಳೇದು. ಅಂಗೈಯಷ್ಟು ದಪ್ಪ. ಆ ಬಾಗಿಲಿಗೆ, ಹೊರಗಿಂದ.”

ಮೇಡಂ ತಿರುಗಿ ನೆಲಮಾಳಿಗೆಯ ಬಾಗಿಲು ನೋಡಿದರು. ಕೊಂಡಿಯಲ್ಲಿ ಬೀಗ ಬಾಯಿ ತೆರೆದುಕೊಂಡು ನೇತಾಡುತ್ತಿತ್ತು.

“ಸರ್, ಒಳಗೆ ಜನ ಇದ್ದಾಗ ನೀವು...?”

“ಬಟ್ಟೆ ಕಳ್ಳತನ ಆಗುತ್ತೆ ಮೇಡಂ. ಅವರ ಸುರಕ್ಷತೆಗೇ ಅದು.”

ಮೇಡಂ ಬಿಳಿ ಪ್ಯಾಂಟಿನ ಮೇಲೆ ಕೂತಿದ್ದ ಹತ್ತಿ ಕೊಡವಿದರು. “ಇದು ನನ್ನ ತರಬೇತಿಯ ವ್ಯಾಪ್ತಿಗೆ ಬರುವುದಿಲ್ಲ” ಅಂದು, ಮರದಿಂದ ಹಾಳೆ ಬಿಚ್ಚಿ ಸುತ್ತತೊಡಗಿದರು. ಹಸಿರು ಬಾಣ ಸುರುಳಿಯೊಳಗೆ ಹೋಯಿತು. ಗೇಟಿನ ತನಕ ಹೋದವರು ಅಲ್ಲೇ ನಿಂತರು, ಹೊರಗೂ ಹೋಗಲಿಲ್ಲ.

*

“ತರಬೇತಿ ಮುಗೀತು,” ಅಂದ ಮಾರ್ಲೆನ್. ದನಿ ಈಗ ಮೆಟ್ಟಿಲ ಮೇಲಿನ ಮಾಮೂಲಿ ದನಿ. “ಮೂರು ಗಂಟೆಗೆ ಆ ದೂರಿನ ಕಚೇರಿಯವನು ತಪಾಸಣೆಗೆ ಬರ್ತಾನೆ. ಬಂದಾಗ ಇಲ್ಲಿ ಒಂದು ನರಪಿಳ್ಳೆ ಇರಕೂಡದು. ಕಾರ್ಖಾನೆಗೆ ರಜ ಅಂತೀನಿ. ಎಲ್ಲರೂ ಕೆಳಗಿಳಿದು, ಯಂತ್ರ ಮುಟ್ಟದೆ, ಕೆಮ್ಮದೆ ಕೂತಿರಿ. ನಾನು ಬೀಗ ಹಾಕ್ತೀನಿ. ಅರ್ಧ ಗಂಟೆ. ಕೆಳಗೆ ಹೋದೋಳು ನಮ್ಮೋಳು. ಮೇಲೆ ಉಳಿದೋಳೇ ಆ ಕಾಗದ ಬರೆದ ಕಳ್ಳಮುಂಡೆ. ಅವಳಿಗೆ ಇನ್ನು ಈ ಬೀದೀಲಿ ಯಂತ್ರ ಇಲ್ಲ. ಏಳಿ.”

ಎದುರು ಮನೆಯ ಹುಂಜ ಕೂಗಿತು. ಯಾರೂ ನಗಲಿಲ್ಲ.

ಸಲ್ಕಿನ್‌ಗೆ ತನ್ನ ಮಂಡಿ ಮಾತ್ರ ಕಾಣುತ್ತಿತ್ತು. ಇಳಿದರೆ, ಯಾವ ಬೀಗದ ಮೇಲೆ ಕಾಗದ ಬರೆದಳೋ ಆ ಬೀಗದೊಳಕ್ಕೆ ತನ್ನ ಕಾಲಲ್ಲೇ ನಡೆದು ಹೋದ ಹಾಗೆ. ಬಂದವನು ರಜ ಅಂತ ಬರೆದುಕೊಂಡು ಹೋಗುತ್ತಾನೆ, ಆಮೇಲೆ ಯಾವ ಕಚೇರಿಯವನೂ ಬರುವುದಿಲ್ಲ. ಇಳಿಯದಿದ್ದರೆ ಹೆಸರು ಹೇಳಿದ ಹಾಗೆ. ಎಂಟು ವರ್ಷ ಆ ಓವರ್‌ಲಾಕ್ ಹೊಡೆದಿದ್ದಳು. ಮನೆಯಲ್ಲಿ ದುಡಿಯುವ ಕೈ ಇದ್ದದ್ದು ಅವಳದೊಂದೇ. ಮಂಡಿಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ತಬ್ಬಿಕೊಂಡಳು. ಏಳಲಿಲ್ಲ.

“ಸಲ್ಕಿನ್?” ಅಂದ ಮಾರ್ಲೆನ್, ತುಂಬ ಮೆಲ್ಲಗೆ.

“ನನ್ ಮಂಡಿ ಹಿಡ್ಕೊಂಡೈತೆ,” ಅಂದಳು ಬಾತ್ಮಾ.

“ನಿನ್ನನ್ನ ಕೇಳಲಿಲ್ಲ.”

“ಕೇಳ್ದೆ ಇದ್ರೂ ಹಿಡ್ಕೊಂಡೈತೆ.”

“ನನ್ ಕಾಲು ಜೋಮು,” ಅಂದಳು ಕೆರೆಜ್. ಬಾತ್ಮಾಳ ಕಡೆಯ ಇನ್ನೊಬ್ಬಳಿಗೆ ಸೊಂಟ ಹಿಡಿದಿತ್ತು. ಮತ್ತೊಬ್ಬಳು ಚಪ್ಪಲಿ ಬಿಚ್ಚಿ ದೂರ ಎಸೆದು, ಬರಿಗಾಲಲ್ಲಿ ನಡೆಯೋಕಾಗಲ್ಲ ಅಂದಳು.

ಜೂರಾಳ ಕಡೆಯ ನಾಲ್ವರು ಜೂರಾಳ ಮುಖ ನೋಡಿದರು.

ಜೂರಾ ಎದ್ದಳು. ಲಂಗ ಕೊಡವಿದಳು. ಯಾರ ಕಡೆಯೂ ನೋಡದೆ ನೆಲಮಾಳಿಗೆಯ ಮೆಟ್ಟಿಲಿಳಿದಳು.

“ನೋಡಿ,” ಅಂದ ಮಾರ್ಲೆನ್, ಮುಖದ ತುಂಬ ನಗು. “ರಕ್ತ ಅಂದ್ರೆ ಅದು. ಹಿರೀಕರು ಅಂದ್ರೆ ಹೀಗಿರ್ಬೇಕು.”

ಬಾತ್ಮಾ ನೆಲಕ್ಕೆ ಥೂ ಅಂದಳು. ಜೂರಾಳ ನಾಲ್ವರು ಏಳುವುದೋ ಬಿಡುವುದೋ ತಿಳಿಯದೆ, ಕೈ ನೆಲಕ್ಕೂರಿ, ಅರ್ಧ ಎದ್ದು, ಕುಂಡೆ ಗಾಳಿಯಲ್ಲಿ ನಿಲ್ಲಿಸಿಕೊಂಡು ಹಾಗೇ ಉಳಿದರು. ಸಲ್ಕಿನ್ ಕಣ್ಣು ಮುಚ್ಚಿಕೊಂಡಳು. ಹತ್ತು ಇದ್ದದ್ದು ಐದಾಯಿತು ಅಂದುಕೊಂಡಳು.

ಕೆಳಗೆ ಏನೋ ಎಳೆದಾಡುವ ಸದ್ದು. ಆಮೇಲೆ ಮೆಟ್ಟಿಲ ಮೇಲೆ ಹೆಜ್ಜೆ. ಮೊದಲು ಮೇಲೆ ಬಂದದ್ದು ದಿಂಬುಗಳ ರಾಶಿ. ಹೊಲಿಗೆಯ ಸ್ಟೂಲುಗಳ ಮೇಲೆ ಹಾಕಿಕೊಳ್ಳುವ, ಚಿಂದಿ ತುಂಬಿದ ದಿಂಬುಗಳು, ಒಂದರ ಮೇಲೊಂದು. ರಾಶಿಗೆ ಎರಡು ಕೈ ಇತ್ತು, ಎರಡು ಕಾಲಿತ್ತು, ಮುಖ ಇರಲಿಲ್ಲ. ಅದು ತಡವರಿಸುತ್ತ ಕಂಬಳಿಯ ತನಕ ಬಂದು ಕುಸಿಯಿತು. ಹಿಂದಿನಿಂದ ಜೂರಾ ಕಂಡಳು, ಏದುಸಿರು ಬಿಡುತ್ತ.

“ಎತ್ತು,” ಅಂತ ಮೊದಲನೆಯದನ್ನು ಬಾತ್ಮಾಳ ಕಡೆ ಎಸೆದಳು. “ನೆಲ ತಣ್ಣಗೈತೆ. ಆಮ್ಯಾಲೆ ಮೂಲವ್ಯಾಧಿ ಅಂತ ನನ್ ಪ್ರಾಣ ತಿನ್ಬೇಡ.”

ಗಾಳಿಯಲ್ಲಿದ್ದ ನಾಲ್ಕು ಕುಂಡೆಗಳು ಕೆಳಗಿಳಿದವು.

“ಏನಿದು?” ಅಂದ ಮಾರ್ಲೆನ್.

“ದಿಂಬು.”

“ಕಾಣುತ್ತೆ! ಯಾಕೆ?”

“ಮೂರು ಗಂಟೆವರ್ಗೂ ಕೂರ್ಬೇಕಲ್ಲಪ್ಪ. ಆ ಕಚೇರಿಯೋನು ಬರ್ತಾನಲ್ಲ.” ಸಲ್ಕಿನ್‌ಳ ಮಡಿಲಿಗೊಂದು ಬಿತ್ತು. ರಾಶಿಯ ಅಡಿಯಲ್ಲಿದ್ದ ಕೊನೆಯದು ಚಿಂದಿಯದಲ್ಲ, ಕಪ್ಪು ಚರ್ಮದ್ದು, ದಪ್ಪ. ಜೂರಾ ಅದನ್ನು ತಟ್ಟಿ ಧೂಳು ಹೊಡೆದು, ಗೇಟಿಗೆ ಎದುರಾಗಿ, ಎಲ್ಲಕ್ಕಿಂತ ಒಳ್ಳೆಯ ನೆರಳಿನಲ್ಲಿ ಇಟ್ಟಳು. “ಇದು ಅವ್ನಿಗೆ. ಕೆಳಗಿನ ನಿನ್ ಕುರ್ಚೀದು.”

ಮಾರ್ಲೆನ್ ಗೇಟಿನ ಕಡೆ ನೋಡಿದ, ಗಡಿಯಾರ ನೋಡಿದ, ಅಲ್ಲೇ ನಿಂತಿದ್ದ ಮೇಡಮ್ಮರನ್ನು ನೋಡಿದ. ಜೂರಾಳ ಹತ್ತಿರ ಬಂದು ಬಗ್ಗಿ, ಹಲ್ಲು ಕಚ್ಚಿ ಅಂದ:

“ಜೂರಕ್ಕ. ನೀನು ನನ್ನ ತಾಯಿ ಕಡೆಯೋಳು. ಮರ್ಯಾದೆಯಾಗಿ ಹೇಳ್ತಿದ್ದೀನಿ. ಎದ್ದೇಳು. ಇವರನ್ನೂ ಎಬ್ಬಿಸು. ಕೆಳಗೆ ನಡಿ.”

ಜೂರಾ ಬಾತ್ಮಾಳನ್ನು ಮೊಣಕೈಯಿಂದ ತಿವಿದು ಪಕ್ಕಕ್ಕೆ ಸರಿಸಿ, ಅವಳಿಗೂ ಸಲ್ಕಿನ್‌ಗೂ ನಡುವೆ ಇದ್ದ ಗೇಣು ಜಾಗದಲ್ಲಿ ತನ್ನ ದಿಂಬು ತುರುಕಿ, ಅದರ ಮೇಲೆ ಹಗುರಾಗಿ, ಒಂದು ಸಲ ಆಚೆ ಒಂದು ಸಲ ಈಚೆ ಅಲ್ಲಾಡಿ, ಸರಿಯಾಗಿ ಕೂತಳು.

“ಏಳಲ್ಲ ಹೋಗೋ.”